ಗರ್ಭಕೋಶದ ಸಾರ್ಕೋಮಾ: ರೋಗದ ಸ್ವರೂಪ ಮತ್ತು ಅದರ ಪತ್ತೆ

ಗರ್ಭಕೋಶವು ಮೂರು ಪದರಗಳುಳ್ಳ, ಮುಷ್ಟಿಗಾತ್ರದ ಒಂದು ಟೊಳ್ಳು ಅವಯವ. ಒಳಗಿನ ಪೊರೆಯು ಪ್ರತಿ ತಿಂಗಳೂ ಬೆಳೆದು ಮುಟ್ಟಿನ ರೂಪದಲ್ಲಿ ಕಳಚಿಹೋಗುತ್ತದೆ. ನಡುವಿನ ದಪ್ಪನಾದ ಸ್ನಾಯುಪದರವು ಹೆರಿಗೆಯ ಕಾಲದಲ್ಲಿ ಸಂಕುಚಿಸಿ ಶಿಶುವನ್ನು ಹೊರದೂಡುತ್ತದೆ. ಹೊರಗಿನದು ತೆಳುವಾದ ಹೊದಿಕೆ. ಗರ್ಭಕೋಶದ ಕ್ಯಾನ್ಸರ್ ಎಂದೊಡನೆ ಸಾಮಾನ್ಯವಾಗಿ ಜನರ ಮನಸ್ಸಿಗೆ ಬರುವುದು ಗರ್ಭಕೊರಳಿನ ಕ್ಯಾನ್ಸರ್ ಅಥವಾ ಒಳಪೊರೆಯ ಕ್ಯಾನ್ಸರ್. ಇವೆರಡೂ ಮೇಲ್ಮೈಯ ಜೀವಕೋಶಗಳಲ್ಲಿ ಹುಟ್ಟುವಂಥವು. ಸ್ನಾಯುಪದರದಲ್ಲಿ, ಇಲ್ಲವೆ ಒಳಪೊರೆಗೆ ಆಧಾರವಾಗಿರುವ ಅಂಗಾಂಶದಲ್ಲಿ ಹುಟ್ಟುವ ಮಾರಕ ಗಡ್ಡೆ ಬೇರೆಯೇ ಜಾತಿಯದು. ಅದಕ್ಕೆ ಸಾರ್ಕೋಮಾ ಎಂದು ಹೆಸರು.

ಇದು ವಿರಳವಾದ ರೋಗ. ಗರ್ಭಕೋಶದಲ್ಲಿ ಹುಟ್ಟುವ ನೂರು ಮಾರಕ ಗಡ್ಡೆಗಳಲ್ಲಿ ಸಾರ್ಕೋಮಾಗಳು ಮೂರರಿಂದ ಏಳರಷ್ಟು ಮಾತ್ರ. ಆದರೂ ಇದನ್ನು ಕುರಿತು ಪ್ರತ್ಯೇಕವಾಗಿ ತಿಳಿಯಬೇಕಾದ ಕಾರಣವಿದೆ. ಇದರ ಹೊರಚಹರೆಯು ಅತ್ಯಂತ ಸಾಮಾನ್ಯವಾದ, ನಿರುಪದ್ರವಿಯಾದ ಇನ್ನೊಂದು ಗಡ್ಡೆಯ ಚಹರೆಯನ್ನೇ ಹೋಲುತ್ತದೆ. ನಾರುಗಡ್ಡೆ ಅಥವಾ ಫೈಬ್ರಾಯ್ಡ್ ಎಂದು ಕರೆಯಲಾಗುವ ಆ ಗಡ್ಡೆಯು ಐವತ್ತು ವರ್ಷ ತುಂಬುವುದರೊಳಗೆ ಅರ್ಧಕ್ಕಿಂತ ಹೆಚ್ಚು ಮಹಿಳೆಯರಲ್ಲಿ ಸಣ್ಣದೋ ದೊಡ್ಡದೋ ಆಗಿ ಕಾಣಿಸಿಕೊಳ್ಳುತ್ತದೆ. ಬಹುಮಂದಿಗೆ ಅದು ಇರುವುದೂ ತಿಳಿಯುವುದಿಲ್ಲ. ನಾರುಗಡ್ಡೆ ಎಂಬ ಹೆಸರೂ ಪೂರ್ತಿ ಸರಿಯಲ್ಲ. ಅದು ನಾರಿನಿಂದಾದುದಲ್ಲ, ಸ್ನಾಯುವಿನಿಂದಾದುದು ಎಂದು ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಚೋ 19ನೆಯ ಶತಮಾನದ ಮಧ್ಯಭಾಗದಲ್ಲಿಯೇ ತೋರಿಸಿಕೊಟ್ಟಿದ್ದನು. ಹಳೆಯ ಹೆಸರು ಮಾತ್ರ ಉಳಿದುಕೊಂಡಿದೆ.

ಹೈದರಾಬಾದಿನ ಪೂರ್ವಭಾಗದಲ್ಲಿ ನಾಚಾರಂ ಎಂಬ ಕೈಗಾರಿಕಾ ಪ್ರದೇಶವಿದೆ. ಅಲ್ಲಿ ಕಾರ್ಮಿಕರಿಗಾಗಿ ಇ.ಎಸ್.ಐ. ಆಸ್ಪತ್ರೆಯೂ ಇದೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ 1956ರವರೆಗೆ ಹೈದರಾಬಾದು ರಾಜಧಾನಿಯಾಗಿತ್ತು. ದುಡಿಮೆಗೂ ದೊಡ್ಡ ಕಾಯಿಲೆಯ ಚಿಕಿತ್ಸೆಗೂ ಆ ನಗರಕ್ಕೆ ಹೋಗುವ ರೂಢಿ ಇಂದಿಗೂ ಅಳಿದಿಲ್ಲ. ಇಂತಹ ಪ್ರದೇಶದ ಕಾರ್ಖಾನೆಯೊಂದರಲ್ಲಿ ನಿಂತು ಕೆಲಸಮಾಡುವ, 48 ವರ್ಷದ ಮಹಿಳೆಯೊಬ್ಬರನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದೆ, ಕಿಬ್ಬೊಟ್ಟೆ ಭಾರವೆನಿಸುತ್ತದೆ. ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಂಡುಬಂದಿದೆ. ಇವರಿಗೆ ಇರುವುದು ಬಹುತೇಕ ಖಚಿತವಾಗಿ ನಾರುಗಡ್ಡೆಯೇ. ಆದರೆ ಆ 'ಬಹುತೇಕ'ದ ಆಚೆ ಉಳಿಯುವ ಅಲ್ಪ ಸಂಭವವನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ತಳ್ಳಿಹಾಕಲು ವೈದ್ಯಶಾಸ್ತ್ರದ ಬಳಿ ಇನ್ನೂ ಖಚಿತವಾದ ಒಂದು ಪರೀಕ್ಷೆ ಇಲ್ಲ.

ಗಡ್ಡೆಯ ಜಾತಿಗಳು

ಸಾರ್ಕೋಮಾಗಳಲ್ಲಿ ಹೆಚ್ಚು ಕಾಣಬರುವುದು ಸ್ನಾಯುಪದರದಲ್ಲಿ ಹುಟ್ಟುವ ಲಿಯೋಮಯೋಸಾರ್ಕೋಮಾ. ಇದನ್ನು ಸ್ನಾಯು ಸಾರ್ಕೋಮಾ ಎನ್ನಬಹುದು. ಎರಡನೆಯದು ಒಳಪೊರೆಯ ಆಧಾರ ಅಂಗಾಂಶದಲ್ಲಿ ಹುಟ್ಟುವಂಥದು. ಇದರಲ್ಲಿ ನಿಧಾನವಾಗಿ ಬೆಳೆಯುವ ಮತ್ತು ಉಗ್ರವಾಗಿ ಬೆಳೆಯುವ ಎರಡು ಬಗೆಗಳಿವೆ. ಹಿಂದೆ ಸಾರ್ಕೋಮಾಗಳ ಸಾಲಿಗೆ ಸೇರಿಸಲಾಗುತ್ತಿದ್ದ ಕಾರ್ಸಿನೋಸಾರ್ಕೋಮಾ ಎಂಬ ಮಿಶ್ರ ಗಡ್ಡೆಯನ್ನು ಈಗ ಒಳಪೊರೆಯ ಕ್ಯಾನ್ಸರಿನ ಒಂದು ಉಗ್ರ ರೂಪವೆಂದು ಪರಿಗಣಿಸಲಾಗುತ್ತದೆ. ಹಳೆಯ ಪುಸ್ತಕಗಳ ಅಂಕಿಗಳನ್ನು ಇಂದಿನವುಗಳೊಡನೆ ಹೋಲಿಸುವಾಗ ಈ ಬದಲಾವಣೆಯನ್ನು ನೆನಪಿನಲ್ಲಿಡಬೇಕಾಗುತ್ತದೆ.

ನಾರುಗಡ್ಡೆಯೇ ಕಾಲಕ್ರಮದಲ್ಲಿ ಕೆಟ್ಟು ಕ್ಯಾನ್ಸರ್ ಆಗುತ್ತದೆಯೆ ಎಂಬುದು ಮಹಿಳೆಯರು ಬಹಳವಾಗಿ ಕೇಳುವ ಪ್ರಶ್ನೆ. ಈ ಭಯವನ್ನೇ ಮುಂದೊಡ್ಡಿ ಗರ್ಭಕೋಶವನ್ನು ತೆಗೆಸುವಂತೆ ಸಲಹೆ ಮಾಡುವುದೂ ಉಂಟು. ಆದರೆ ಸ್ನಾಯು ಸಾರ್ಕೋಮಾದ ಬಹುಪಾಲು ಪ್ರಕರಣಗಳು ಮೊದಲಿನಿಂದಲೇ ಸಾರ್ಕೋಮಾ ಆಗಿ ಹುಟ್ಟುವಂಥವು. ಎರಡರ ವಂಶವಾಹಿಗಳ ಚಿತ್ರವೂ ಬೇರೆ. ನೂರರಲ್ಲಿ ಸುಮಾರು 70 ನಾರುಗಡ್ಡೆಗಳಲ್ಲಿ ಎಂ.ಇ.ಡಿ. 12 ಎಂಬ ಒಂದೇ ವಂಶವಾಹಿಯಲ್ಲಿ ಸಣ್ಣ ಮಾರ್ಪಾಡು ಇರುತ್ತದೆ ಎಂಬುದು 2011ರಲ್ಲಿ ತಿಳಿದುಬಂದಿತು. ಸಾರ್ಕೋಮಾದಲ್ಲಾದರೋ ವರ್ಣತಂತುಗಳೇ ಮುರಿದು, ಕೂಡಿ, ಅಸ್ತವ್ಯಸ್ತಗೊಂಡಿರುತ್ತವೆ. ಜೀವಕೋಶದ ವಿಭಜನೆಗೆ ಕಡಿವಾಣ ಹಾಕುವ ವಂಶವಾಹಿಗಳು ಕೆಟ್ಟಿರುತ್ತವೆ. ಆದಕಾರಣ ತೊಂದರೆ ಕೊಡದ ನಾರುಗಡ್ಡೆಯನ್ನು ಮುಂದೆ ಕ್ಯಾನ್ಸರ್ ಆದೀತೆಂಬ ಅಂಜಿಕೆಯಿಂದ ತೆಗೆಸಿಹಾಕುವುದಕ್ಕೆ ಆಧಾರವಿಲ್ಲ.

ಈ ರೋಗವು ಏಕೆ ಬರುತ್ತದೆಂಬುದಕ್ಕೆ ಬಹುಮಂದಿ ರೋಗಿಗಳಲ್ಲಿ ಕಾರಣ ದೊರೆಯುವುದಿಲ್ಲ. ಸ್ತನದ ಕ್ಯಾನ್ಸರಿಗಾಗಿ ಟಾಮಾಕ್ಸಿಫೆನ್ ಮಾತ್ರೆಯನ್ನು ಐದು ವರ್ಷ ಅಥವಾ ಹೆಚ್ಚು ಕಾಲ ಸೇವಿಸಿದವರಲ್ಲಿ, ಹಿಂದೆ ಕಿಬ್ಬೊಟ್ಟೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ, ಬಾಲ್ಯದಲ್ಲಿ ಕಣ್ಣಿನ ರೆಟಿನೋಬ್ಲಾಸ್ಟೋಮಾ ಎಂಬ ಅನುವಂಶಿಕ ಗಡ್ಡೆ ಇದ್ದವರಲ್ಲಿ ಅಪಾಯವು ಸ್ವಲ್ಪ ಹೆಚ್ಚು. ಆಹಾರದಿಂದಾಗಲಿ, ಕುಟುಂಬ ಯೋಜನೆಯ ಶಸ್ತ್ರಚಿಕಿತ್ಸೆಯಿಂದಾಗಲಿ, ಭಾರ ಎತ್ತುವ ಕೆಲಸದಿಂದಾಗಲಿ ಇದು ಬರುತ್ತದೆಂಬ ನಂಬಿಕೆಗೆ ಆಧಾರವಿಲ್ಲ.

ಲಕ್ಷಣಗಳು ಮತ್ತು ಆರಂಭದ ಪರೀಕ್ಷೆಗಳು

ಸಾರ್ಕೋಮಾಕ್ಕೆಂದೇ ಮೀಸಲಾದ ಲಕ್ಷಣವಿಲ್ಲ. ಅಸಹಜ ರಕ್ತಸ್ರಾವ, ಕಿಬ್ಬೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಗುವುದು, ನೋವು, ಮೂತ್ರಕೋಶದ ಮೇಲೆ ಒತ್ತಡ, ಇವೆಲ್ಲ ನಾರುಗಡ್ಡೆಯಲ್ಲಿಯೂ ಉಂಟು. ಗಡ್ಡೆ ಬೇಗ ಬೇಗ ಬೆಳೆದರೆ ಅದು ಕ್ಯಾನ್ಸರೇ ಎಂಬ ಅಭಿಪ್ರಾಯ ವೈದ್ಯರಲ್ಲಿಯೂ ಬಹುಕಾಲ ಬೇರೂರಿತ್ತು. 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವು ಇದನ್ನು ಪರೀಕ್ಷಿಸಿತು. ಗಡ್ಡೆ ಶೀಘ್ರವಾಗಿ ಬೆಳೆಯುತ್ತಿದೆ ಎಂಬ ಕಾರಣಕ್ಕಾಗಿ ಶಸ್ತ್ರಚಿಕಿತ್ಸೆಗೆ ಒಳಗಾದ 371 ಮಹಿಳೆಯರಲ್ಲಿ ಸಾರ್ಕೋಮಾ ಇದ್ದುದು ಒಬ್ಬರಲ್ಲಿ ಮಾತ್ರ. ಮುಟ್ಟು ನಿಂತ ಮೇಲಿನ ಮಾತು ಬೇರೆ. ಹಾರ್ಮೋನಿನ ಪೋಷಣೆ ಕಡಿಮೆಯಾದಾಗ ನಾರುಗಡ್ಡೆಯು ಕುಗ್ಗಬೇಕು. ಹಾರ್ಮೋನ್ ಮಾತ್ರೆ ಸೇವಿಸದಿದ್ದರೂ ಮುಟ್ಟು ನಿಂತ ಮಹಿಳೆಯಲ್ಲಿ ಗಡ್ಡೆ ಬೆಳೆಯುತ್ತಿದ್ದರೆ, ಅಥವಾ ಮುಟ್ಟು ನಿಂತು ಒಂದು ವರ್ಷದ ಮೇಲೆ ಒಮ್ಮೆಯಾದರೂ ರಕ್ತ ಕಾಣಿಸಿಕೊಂಡರೆ, ಅದನ್ನು ಕಡೆಗಣಿಸದೆ ವೈದ್ಯರಿಗೆ ತೋರಿಸಬೇಕು. ಸ್ನಾಯು ಸಾರ್ಕೋಮಾ ಸಾಮಾನ್ಯವಾಗಿ ನಲವತ್ತು ದಾಟಿದವರಲ್ಲಿ, ಅದರಲ್ಲಿಯೂ ಐವತ್ತರ ಆಸುಪಾಸಿನಲ್ಲಿ ಕಂಡುಬರುತ್ತದೆ.

ಅಲ್ಟ್ರಾಸೌಂಡ್ ಪರೀಕ್ಷೆಯಿಂದ ಗಡ್ಡೆಯ ಗಾತ್ರ, ಸ್ಥಾನ, ಸಂಖ್ಯೆ ತಿಳಿಯುತ್ತವೆ. ಸ್ವಭಾವವು ಸ್ಪಷ್ಟವಾಗಿ ತಿಳಿಯುವುದಿಲ್ಲ. ಅಂಚು ಅಸ್ಪಷ್ಟವಾಗಿರುವ, ಒಳಗೆ ಕೊಳೆತ ಭಾಗಗಳಿರುವ, ಒಂಟಿಯಾದ ದೊಡ್ಡ ಗಡ್ಡೆಯು ಅನುಮಾನ ಹುಟ್ಟಿಸುತ್ತದೆ. ಎಂ.ಆರ್.ಐ. ಪರೀಕ್ಷೆಯು ಇದಕ್ಕಿಂತ ಹೆಚ್ಚಿನ ಮಾಹಿತಿ ಕೊಡುತ್ತದೆ. ಅಂಗಾಂಶದೊಳಗೆ ನೀರಿನ ಕಣಗಳ ಚಲನೆ ಎಷ್ಟು ಸಲೀಸಾಗಿದೆ ಎಂಬುದನ್ನು ಅಳೆಯುವ ಅದರ ಒಂದು ವಿಧಾನದಲ್ಲಿ, ಜೀವಕೋಶಗಳು ಕಿಕ್ಕಿರಿದಿರುವ ಗಡ್ಡೆಯು ಬೇರೆಯಾಗಿ ಎದ್ದುಕಾಣುತ್ತದೆ. ರಕ್ತದಲ್ಲಿ ಎಲ್.ಡಿ.ಎಚ್. ಎಂಬ ಕಿಣ್ವದ ಪ್ರಮಾಣ ಏರಿದ್ದರೆ ಅನುಮಾನಕ್ಕೆ ಇನ್ನಷ್ಟು ಬಲ ಬರುತ್ತದೆ. ಆದರೆ ಕೊಳೆತ ನಾರುಗಡ್ಡೆಯೂ ಈ ಎಲ್ಲ ಪರೀಕ್ಷೆಗಳಲ್ಲಿ ಮೋಸಮಾಡಬಲ್ಲುದು.

ಗರ್ಭಕೋಶದ ಒಳಪೊರೆಯನ್ನು ಕೆರೆದು ತೆಗೆದು ಪರೀಕ್ಷಿಸುವ ಕ್ರಮವು ಒಳಪೊರೆಯ ಕ್ಯಾನ್ಸರಿನ ಪತ್ತೆಗೆ ಬಹಳ ಉಪಯುಕ್ತ. ಸಾರ್ಕೋಮಾ ಸ್ನಾಯುವಿನ ಆಳದಲ್ಲಿ ಹುದುಗಿದ್ದರೆ ಉಪಕರಣವು ಅದನ್ನು ಮುಟ್ಟದೆಯೇ ಹೋಗಬಹುದು. ಆದುದರಿಂದ ಕೆರೆತದ ವರದಿಯಲ್ಲಿ ದೋಷವಿಲ್ಲವೆಂದು ಬಂದರೆ, ಅದರ ಅರ್ಥ ಗಡ್ಡೆಯಲ್ಲಿ ದೋಷವಿಲ್ಲವೆಂದಲ್ಲ. ಗರ್ಭಕೊರಳಿನ ಪ್ಯಾಪ್ ಪರೀಕ್ಷೆಯಂತೂ ಈ ರೋಗಕ್ಕೆ ಸಂಬಂಧಿಸಿದ್ದೇ ಅಲ್ಲ.

ಗಡ್ಡೆಯನ್ನು ಪುಡಿಮಾಡುವ ಯಂತ್ರದ ಪ್ರಶ್ನೆ

ಹೊಟ್ಟೆಯನ್ನು ಉದ್ದವಾಗಿ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕ ನಡೆಸುವ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆಯಿಂದ ರೋಗಿಗೆ ನೋವು ಕಡಿಮೆ; ಕೆಲಸಕ್ಕೆ ಬೇಗ ಮರಳಬಹುದು. ದಿನಗೂಲಿಯ ಮೇಲೆ ಬದುಕುವವರಿಗೆ ಇದು ಸಣ್ಣ ಲಾಭವಲ್ಲ. ಆದರೆ ತೆಂಗಿನಕಾಯಿಯ ಗಾತ್ರದ ಗಡ್ಡೆಯನ್ನು ಬೆರಳಗಲದ ರಂಧ್ರದಿಂದ ಹೊರತೆಗೆಯಬೇಕಾದರೆ ಅದನ್ನು ಒಳಗೇ ತುಂಡುತುಂಡು ಮಾಡಬೇಕಾಗುತ್ತದೆ. ಇದಕ್ಕಾಗಿ ಮಾರ್ಸೆಲೇಟರ್ ಎಂಬ, ವೇಗವಾಗಿ ತಿರುಗುವ ಅಲಗಿನ ಯಂತ್ರ ಬಳಕೆಗೆ ಬಂದಿತು. ಗಡ್ಡೆಯು ನಾರುಗಡ್ಡೆಯಾಗಿದ್ದರೆ ಹೆಚ್ಚಿನ ತೊಂದರೆಯಿಲ್ಲ. ಸಾರ್ಕೋಮಾ ಆಗಿದ್ದರೆ ಅದರ ಚೂರುಗಳು ಹೊಟ್ಟೆಯ ತುಂಬ ಬಿತ್ತನೆಯಾದಂತೆಯೇ ಸರಿ.

ಅಮೆರಿಕದ ಅರಿವಳಿಕೆ ತಜ್ಞೆ, ಆರು ಮಕ್ಕಳ ತಾಯಿ ಡಾ. ಏಮಿ ರೀಡ್ ಅವರಿಗೆ 2013ರ ಅಕ್ಟೋಬರಿನಲ್ಲಿ ನಾರುಗಡ್ಡೆಯೆಂದು ಇಂತಹ ಶಸ್ತ್ರಚಿಕಿತ್ಸೆ ನಡೆಯಿತು. ಬಳಿಕ ಬಂದ ರೋಗಶಾಸ್ತ್ರದ ವರದಿಯಲ್ಲಿ ಅದು ಲಿಯೋಮಯೋಸಾರ್ಕೋಮಾ ಎಂದಿತ್ತು. ಅವರೂ ಅವರ ಪತಿಯೂ ನಡೆಸಿದ ಸಾರ್ವಜನಿಕ ಹೋರಾಟದ ಫಲವಾಗಿ ಆ ದೇಶದ ಆಹಾರ ಮತ್ತು ಔಷಧ ಆಡಳಿತವು 2014ರ ಏಪ್ರಿಲಿನಲ್ಲಿ ಈ ಯಂತ್ರದ ಬಳಕೆಯನ್ನು ಕುರಿತು ಎಚ್ಚರಿಕೆ ಹೊರಡಿಸಿತು. ಅದೇ ವರ್ಷದ ನವೆಂಬರಿನಲ್ಲಿ ಎಚ್ಚರಿಕೆಯನ್ನು ಇನ್ನಷ್ಟು ಬಿಗಿಗೊಳಿಸಿತು. ನಾರುಗಡ್ಡೆಯೆಂದು ಶಸ್ತ್ರಚಿಕಿತ್ಸೆಗೆ ಒಳಗಾಗುವ ಸುಮಾರು 350 ಮಹಿಳೆಯರಲ್ಲಿ ಒಬ್ಬರಿಗೆ ಅರಿವಿಲ್ಲದಂತೆ ಸಾರ್ಕೋಮಾ ಇರುತ್ತದೆ ಎಂಬುದು ಆ ಸಂಸ್ಥೆಯ ಅಂದಾಜು. ಪ್ರಮಾಣ ಇದಕ್ಕಿಂತ ಕಡಿಮೆಯೆಂದು ಹೇಳುವ ಅಧ್ಯಯನಗಳೂ ಇವೆ. ಡಾ. ರೀಡ್ 2017ರ ಮೇ ತಿಂಗಳಿನಲ್ಲಿ ತೀರಿಕೊಂಡರು. ಇಂದು ಈ ಯಂತ್ರವನ್ನು ಬಳಸಲೇಬೇಕಾದಲ್ಲಿ ಗಡ್ಡೆಯನ್ನು ಮೊದಲು ಚೀಲದೊಳಗೆ ಇಳಿಸಿ, ಚೂರು ಹೊರಚೆಲ್ಲದಂತೆ ಕತ್ತರಿಸಬೇಕೆಂಬುದು ಅದೇ ಸಂಸ್ಥೆಯ ಶಿಫಾರಸು. ಮುಟ್ಟು ನಿಂತವರಲ್ಲಿ ಮತ್ತು 50 ವರ್ಷ ದಾಟಿದವರಲ್ಲಿ ನಾರುಗಡ್ಡೆಗಾಗಿ ಈ ಯಂತ್ರವನ್ನು ಬಳಸಲೇಬಾರದು ಎನ್ನಲಾಗಿದೆ. ಶಸ್ತ್ರಚಿಕಿತ್ಸೆಗೆ ಸಹಿ ಹಾಕುವ ಮುನ್ನ ಗಡ್ಡೆಯನ್ನು ಇಡಿಯಾಗಿ ತೆಗೆಯಲಾಗುವುದೋ ತುಂಡರಿಸಿಯೋ ಎಂದು ಕೇಳುವ ಹಕ್ಕು ರೋಗಿಗೆ ಇದೆ.

ರೋಗಶಾಸ್ತ್ರ ವಿಭಾಗದಲ್ಲಿ

ನಿಜವಾದ ತೀರ್ಮಾನ ಆಗುವುದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಲ್ಲ, ರೋಗಶಾಸ್ತ್ರ ವಿಭಾಗದಲ್ಲಿ. ತೆಗೆದ ಗರ್ಭಕೋಶವನ್ನು ಕೂಡಲೇ ಸಾಕಷ್ಟು ಫಾರ್ಮಲಿನ್ ದ್ರಾವಣದಲ್ಲಿ ಇಡಬೇಕು. ಗಂಟೆಗಟ್ಟಲೆ ಹಾಗೆಯೇ ಬಿಟ್ಟರೆ, ಅಥವಾ ದೊಡ್ಡ ಅವಯವವನ್ನು ಸಣ್ಣ ಡಬ್ಬಿಯಲ್ಲಿ ತುರುಕಿದರೆ, ಒಳಭಾಗ ಕೊಳೆಯುತ್ತದೆ. ಆಮೇಲೆ ಎಷ್ಟು ಒಳ್ಳೆಯ ಸೂಕ್ಷ್ಮದರ್ಶಕವಿದ್ದರೂ ಪ್ರಯೋಜನವಿಲ್ಲ.

ಮೊದಲು ಬರಿಗಣ್ಣಿನ ಪರೀಕ್ಷೆ. ನಾರುಗಡ್ಡೆಯನ್ನು ಕೊಯ್ದರೆ ಅದು ಬೆಳ್ಳಗೆ, ಗಟ್ಟಿಯಾಗಿ, ದಾರದ ಉಂಡೆಯನ್ನು ಅಡ್ಡಕ್ಕೆ ಕತ್ತರಿಸಿದಂತೆ ಸುರುಳಿಸುರುಳಿಯಾಗಿ ಕಾಣುತ್ತದೆ. ಅಂಚು ಸ್ಪಷ್ಟವಾಗಿದ್ದು, ಕೊಯ್ದ ಮೇಲ್ಮೈ ಉಬ್ಬಿ ನಿಲ್ಲುತ್ತದೆ. ಸಾರ್ಕೋಮಾದಲ್ಲಿ ಆ ಸುರುಳಿ ಇರುವುದಿಲ್ಲ. ಅದು ಮೆತ್ತಗೆ, ಮಾಂಸದಂತೆ, ಬೂದು ಅಥವಾ ಹಳದಿ ಬಣ್ಣದ್ದಾಗಿ, ನಡುನಡುವೆ ರಕ್ತ ಸೋರಿದ ಮತ್ತು ಕೊಳೆತ ತಾಣಗಳಿಂದ ಕೂಡಿರುತ್ತದೆ. ಅಂಚು ಸುತ್ತಲಿನ ಸ್ನಾಯುವಿನೊಳಗೆ ನುಗ್ಗಿರಬಹುದು. ಒಂದೇ ಗರ್ಭಕೋಶದಲ್ಲಿ ಹತ್ತು ನಾರುಗಡ್ಡೆಗಳಿದ್ದು ಹನ್ನೊಂದನೆಯದು ಸಾರ್ಕೋಮಾ ಆಗಿರುವುದು ಅಸಾಧ್ಯವಲ್ಲ. ಈ ಕಾರಣದಿಂದ ಪ್ರತಿಯೊಂದು ಗಡ್ಡೆಯನ್ನೂ ಕೊಯ್ದು ನೋಡಲಾಗುತ್ತದೆ. ಅನುಮಾನವಿದ್ದ ಗಡ್ಡೆಯಿಂದ, ಅದರ ಅಗಲದ ಪ್ರತಿ ಸೆಂಟಿಮೀಟರಿಗೆ ಒಂದರಂತೆ, ತುಣುಕುಗಳನ್ನು ಆರಿಸಿಕೊಳ್ಳುವುದು ರೂಢಿ.

ಈ ತುಣುಕುಗಳನ್ನು ಮೇಣದಲ್ಲಿ ಕೂರಿಸಿ, ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಭಾಗದಷ್ಟು ತೆಳ್ಳಗೆ ಸೀಳಿ, ಗಾಜಿನ ಮೇಲಿಟ್ಟು, ಎರಡು ಬಣ್ಣಗಳನ್ನು ಹಾಯಿಸಲಾಗುತ್ತದೆ. ಕೋಶಕೇಂದ್ರವು ನೀಲಿಯಾಗಿಯೂ ಉಳಿದ ಭಾಗವು ಗುಲಾಬಿಯಾಗಿಯೂ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ತಜ್ಞರು ಮುಖ್ಯವಾಗಿ ಮೂರು ಅಂಶಗಳನ್ನು ಹುಡುಕುತ್ತಾರೆ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞರು 213 ಗಡ್ಡೆಗಳನ್ನು ಪರಿಶೀಲಿಸಿ 1994ರಲ್ಲಿ ರೂಪಿಸಿದ ಈ ಅಳತೆಗೋಲು ಇಂದಿಗೂ ತಳಹದಿಯಾಗಿದೆ. ಕೋಶಕೇಂದ್ರಗಳು ಗಾತ್ರ, ಆಕಾರ, ಬಣ್ಣಗಳಲ್ಲಿ ಒಂದಕ್ಕೊಂದು ಹೋಲದಷ್ಟು ವಿಕಾರವಾಗಿವೆಯೆ ಎಂಬುದು ಒಂದು. ಎರಡಾಗುತ್ತಿರುವ ಜೀವಕೋಶಗಳ ಎಣಿಕೆ ಇನ್ನೊಂದು: ಹೆಚ್ಚಿನ ವರ್ಧನೆಯ ಹತ್ತು ಕ್ಷೇತ್ರಗಳಲ್ಲಿ ಹತ್ತು ಅಥವಾ ಹೆಚ್ಚು ವಿಭಜನೆಗಳು ಕಂಡರೆ ಅದು ಗಂಭೀರ. ಸೂಕ್ಷ್ಮದರ್ಶಕದಿಂದ ಸೂಕ್ಷ್ಮದರ್ಶಕಕ್ಕೆ ಕ್ಷೇತ್ರದ ವಿಸ್ತಾರ ಬದಲಾಗುವುದರಿಂದ ಈಗ ಚದರ ಮಿಲಿಮೀಟರಿನ ಲೆಕ್ಕವನ್ನೂ ಬರೆಯಲಾಗುತ್ತದೆ.

ಮೂರನೆಯ ಅಂಶವೇ ಎಲ್ಲಕ್ಕಿಂತ ಕಠಿಣವಾದುದು. ಗಡ್ಡೆಯ ಜೀವಕೋಶಗಳು ಸತ್ತಿರುವ ರೀತಿಯನ್ನು ನೋಡಿ ತೀರ್ಮಾನಿಸಬೇಕು. ನಾರುಗಡ್ಡೆಯಲ್ಲಿಯೂ ರಕ್ತದ ಪೂರೈಕೆ ನಿಂತು ಜೀವಕೋಶಗಳು ಸಾಯುತ್ತವೆ. ಗರ್ಭಿಣಿಯರಲ್ಲಿ ಇದು ವಿಶೇಷವಾಗಿ ಉಂಟು. ಆದರೆ ಅಲ್ಲಿ ಬದುಕಿದ ಭಾಗಕ್ಕೂ ಸತ್ತ ಭಾಗಕ್ಕೂ ನಡುವೆ, ಗಾಯ ಮಾಯುವಾಗ ಕಾಣುವಂತಹ ಒಂದು ಪಟ್ಟೆ ಇರುತ್ತದೆ. ಸಾರ್ಕೋಮಾದಲ್ಲಿ ಆ ಪಟ್ಟೆ ಇಲ್ಲ. ಬದುಕಿದ ಕೋಶಗಳ ಪಕ್ಕದಲ್ಲಿಯೇ, ಗೆರೆ ಎಳೆದಂತೆ, ಸತ್ತ ಕೋಶಗಳ ನೆರಳುಗಳು ಮೊದಲಾಗುತ್ತವೆ; ರಕ್ತನಾಳದ ಸುತ್ತ ಮಾತ್ರ ಜೀವಂತ ಕೋಶಗಳ ತೋಳುಪಟ್ಟಿ ಉಳಿದಿರುತ್ತದೆ. ಈ ಎರಡು ಬಗೆಯ ಸಾವನ್ನು ಗುರುತಿಸುವುದರಲ್ಲಿ ಅನುಭವಿಗಳಲ್ಲಿಯೂ ಭಿನ್ನಾಭಿಪ್ರಾಯ ಬರುವುದುಂಟು. ಸಾಮಾನ್ಯ ಮಾದರಿಯ ಗಡ್ಡೆಯಲ್ಲಿ ಈ ಮೂರರಲ್ಲಿ ಎರಡು ಸ್ಪಷ್ಟವಾಗಿದ್ದರೆ ಸಾರ್ಕೋಮಾ ಎಂದು ವರದಿ ಮಾಡಲಾಗುತ್ತದೆ.

ಯಾವ ಕಡೆಗೂ ಖಚಿತವಾಗಿ ಸೇರದ ಗಡ್ಡೆಗಳಿಗೆ 'ಮಾರಕತೆ ಅನಿಶ್ಚಿತ' ಎಂಬ ಪ್ರತ್ಯೇಕ ವರ್ಗವೇ ಇದೆ. ಇಂತಹ ವರದಿ ಬಂದರೆ ರೋಗಿಯೂ ಮನೆಯವರೂ ಗಾಬರಿಯಾಗುವುದು ಸಹಜ. ಅದು ತಜ್ಞರ ಅಜ್ಞಾನದ ಸೂಚನೆಯಲ್ಲ. ಗಡ್ಡೆಯ ಸ್ವಭಾವವನ್ನು ಇದ್ದಂತೆಯೇ ತಿಳಿಸುವ ಪ್ರಾಮಾಣಿಕ ವರದಿ. ಅಂಥವರಲ್ಲಿ ಬಹುಮಂದಿಗೆ ಮುಂದೆ ತೊಂದರೆ ಬರುವುದಿಲ್ಲವಾದರೂ ವರ್ಷಗಳ ಕಾಲ ತಪಾಸಣೆ ಬೇಕಾಗುತ್ತದೆ.

ಗಡ್ಡೆಯ ಮೂಲವೇ ಸಂಶಯಾಸ್ಪದವಾದಾಗ ಇಮ್ಯುನೋ ವರ್ಣಪರೀಕ್ಷೆ ನೆರವಾಗುತ್ತದೆ. ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬಳಸಿ, ಡೆಸ್ಮಿನ್ ಮತ್ತು ಕ್ಯಾಲ್ಡೆಸ್ಮಾನ್ ಕಂಡರೆ ಸ್ನಾಯುಮೂಲವೆಂದೂ, ಅವು ಇಲ್ಲದೆ ಸಿ.ಡಿ. 10 ವ್ಯಾಪಕವಾಗಿ ಕಂಡರೆ ಒಳಪೊರೆಯ ಆಧಾರ ಅಂಗಾಂಶದ ಮೂಲವೆಂದೂ ಊಹಿಸಲಾಗುತ್ತದೆ. ನಿಧಾನವಾಗಿ ಬೆಳೆಯುವ ಆ ಎರಡನೆಯ ಜಾತಿಯಲ್ಲಿ 7ನೆಯ ಮತ್ತು 17ನೆಯ ವರ್ಣತಂತುಗಳು ತುಂಡಾಗಿ ಪರಸ್ಪರ ಬೆಸೆದುಕೊಂಡಿರುವುದು ಹಲವು ರೋಗಿಗಳಲ್ಲಿ ಕಂಡುಬರುತ್ತದೆ. ಈ ಬೆಸುಗೆಯನ್ನು ಪತ್ತೆಹಚ್ಚುವ ಪರೀಕ್ಷೆಗಳು ಈಗ ನಮ್ಮ ದೇಶದಲ್ಲಿಯೂ ಲಭ್ಯ. ಇನ್ನೂ ವಿರಳವಾದ ಒಂದು ಗಡ್ಡೆಯಿದೆ: ಗರ್ಭಕೋಶದಲ್ಲಿ ಹುಟ್ಟಿದ್ದರೂ ಅಂಡಾಶಯದ ಗಡ್ಡೆಯ ವೇಷ ತೊಟ್ಟಿರುವಂಥದು. 1976ರಲ್ಲಿ ಕ್ಲೆಮೆಂಟ್ ಮತ್ತು ಸ್ಕಲ್ಲಿ ಎಂಬ ವಿಜ್ಞಾನಿಗಳು ಇದನ್ನು ವಿವರಿಸಿದರು. ಬಹುಪಾಲು ಇದು ಸೌಮ್ಯ. ಕೆಲವೊಮ್ಮೆ ಮಾತ್ರ ಮರುಕಳಿಸುತ್ತದೆ.

ಅಂದಹಾಗೆ, ನಾಚಾರಂಗೂ ವಂಶವಾಹಿಗಳ ಪರೀಕ್ಷೆಗೂ ಒಂದು ನಂಟಿದೆ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಗೆ ಸೇರಿದ ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿದಾನ ಕೇಂದ್ರವು ತನ್ನ ಆರಂಭದ ವರ್ಷಗಳಲ್ಲಿ ನಾಚಾರಂನಿಂದಲೇ ಕೆಲಸ ಮಾಡುತ್ತಿತ್ತು, ಈಗ ಉಪ್ಪಲ್‌ನಲ್ಲಿದೆ.

ಚಿಕಿತ್ಸೆ

ಗಡ್ಡೆಯು ಗರ್ಭಕೋಶದೊಳಗೇ ಇದ್ದರೆ ಮೊದಲ ಹಂತ. 5 ಸೆಂಟಿಮೀಟರಿಗಿಂತ ದೊಡ್ಡದೋ ಸಣ್ಣದೋ ಎಂಬುದನ್ನೂ ಇಲ್ಲಿ ಗುರುತಿಸಲಾಗುತ್ತದೆ. ಕಿಬ್ಬೊಟ್ಟೆಯ ಕುಹರಕ್ಕೆ ಹರಡಿದ್ದರೆ ಎರಡು, ಹೊಟ್ಟೆಯೊಳಗಿನ ಅಂಗಾಂಶಗಳಿಗೆ ಹರಡಿದ್ದರೆ ಮೂರು, ಮೂತ್ರಕೋಶ, ಗುದನಾಳ ಅಥವಾ ದೂರದ ಅವಯವಗಳನ್ನು ಮುಟ್ಟಿದ್ದರೆ ನಾಲ್ಕನೆಯ ಹಂತ. ಸ್ನಾಯು ಸಾರ್ಕೋಮಾ ಹೆಚ್ಚಾಗಿ ರಕ್ತದ ಮೂಲಕ ಶ್ವಾಸಕೋಶಕ್ಕೆ ಸಾಗುವುದರಿಂದ ಎದೆಯ ಸಿ.ಟಿ. ಪರೀಕ್ಷೆ ಅಗತ್ಯ. ಗರ್ಭಕೋಶವನ್ನು ಒಡೆಯದೆ ಇಡಿಯಾಗಿ ತೆಗೆಯುವುದೇ ಮುಖ್ಯ ಚಿಕಿತ್ಸೆ. ಹರಡಿದ ರೋಗಕ್ಕೆ ಡಾಕ್ಸೊರುಬಿಸಿನ್ ಮೊದಲಾದ ಔಷಧಿಗಳನ್ನು ನೀಡಲಾಗುತ್ತದೆ. ಮೊದಲ ಹಂತದಲ್ಲಿಯೇ ಪತ್ತೆಯಾದವರಲ್ಲಿ ಸುಮಾರು ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ನಾಲ್ಕನೆಯ ಹಂತದಲ್ಲಿ ಈ ಸಂಖ್ಯೆ ಬಹಳ ಕಡಿಮೆ. ಒಳಪೊರೆಯ ನಿಧಾನಗತಿಯ ಸಾರ್ಕೋಮಾದ ಫಲಿತಾಂಶ ಇದಕ್ಕಿಂತ ಬಹಳ ಉತ್ತಮ. ಅದಕ್ಕೆ ಹಾರ್ಮೋನ್ ನಿರೋಧಕ ಮಾತ್ರೆಗಳೂ ನಾಟುತ್ತವೆ. ಜಾತಿಯನ್ನು ಸರಿಯಾಗಿ ಗುರುತಿಸುವುದರ ಮೇಲೆ ಚಿಕಿತ್ಸೆಯೇ ನಿಂತಿದೆ.

ಪರೀಕ್ಷೆಗೆ ಹೋಗದ ಗರ್ಭಕೋಶಗಳು

ತೆಲುಗು ನಾಡುಗಳಲ್ಲಿ ಗರ್ಭಕೋಶ ತೆಗೆಸಿಕೊಂಡವರ ಪ್ರಮಾಣ ದೇಶದಲ್ಲಿಯೇ ಹೆಚ್ಚು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದ ಮಹಿಳೆಯರಲ್ಲಿ ಇಡೀ ದೇಶದಲ್ಲಿ ಶೇಕಡಾ 3.2 ಮಂದಿ ಈ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರೆ, ತೆಲಂಗಾಣದಲ್ಲಿ ಶೇಕಡಾ 7.7, ಆಂಧ್ರಪ್ರದೇಶದಲ್ಲಿ ಶೇಕಡಾ 8.9 ಮಂದಿ ಒಳಗಾಗಿದ್ದರು. ಮೂರರಲ್ಲಿ ಸುಮಾರು ಎರಡು ಖಾಸಗಿ ಆಸ್ಪತ್ರೆಗಳಲ್ಲಿ ನಡೆದವು. ಅನಗತ್ಯ ಶಸ್ತ್ರಚಿಕಿತ್ಸೆಗಳ ವಿರುದ್ಧದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ 5ರಂದು ತೀರ್ಪಿತ್ತು, ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತು.

ಇಲ್ಲಿ ಎರಡು ಬಗೆಯ ನಷ್ಟವಿದೆ. ಅಗತ್ಯವಿಲ್ಲದೆ ಗರ್ಭಕೋಶ ಕಳೆದುಕೊಳ್ಳುವುದು ಒಂದು. ತೆಗೆದ ಗರ್ಭಕೋಶವನ್ನು ಮನೆಯವರಿಗೆ ತೋರಿಸಿ, ರೋಗಶಾಸ್ತ್ರ ಪರೀಕ್ಷೆಗೆ ಕಳುಹಿಸದೆ ಎಸೆದುಬಿಡುವುದು ಇನ್ನೊಂದು. ಪರೀಕ್ಷೆಯ ಖರ್ಚು ಶಸ್ತ್ರಚಿಕಿತ್ಸೆಯ ಖರ್ಚಿನ ಒಂದು ಸಣ್ಣ ಅಂಶ. ಅದನ್ನು ಉಳಿಸಲು ಹೋಗಿ, ಒಂದೆರಡು ವರ್ಷಗಳ ಮೇಲೆ ಶ್ವಾಸಕೋಶದಲ್ಲಿ ಗಡ್ಡೆ ಕಂಡಾಗ ಅದು ಎಲ್ಲಿಂದ ಬಂದಿತೆಂದು ಹೇಳಲು ಯಾವ ದಾಖಲೆಯೂ ಉಳಿದಿರುವುದಿಲ್ಲ.

ಇ.ಎಸ್.ಐ. ಯೋಜನೆಗೆ ಒಳಪಟ್ಟ ಕಾರ್ಮಿಕರಿಗೆ ಈ ವರದಿಯ ಮಹತ್ವ ಇನ್ನೂ ಒಂದು ಬಗೆಯದು. ಯೋಜನೆಯ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿ ಮಾರಕ ಗಡ್ಡೆಗಳು ಸೇರಿವೆ. ನಿಗದಿತ ಅವಧಿ ವಂತಿಗೆ ಸಲ್ಲಿಸಿದವರಿಗೆ ವೇತನದ ಶೇಕಡಾ 80ರ ದರದಲ್ಲಿ, ಎರಡು ವರ್ಷಗಳವರೆಗೂ ವಿಸ್ತರಿಸಬಹುದಾದ ಸವಲತ್ತು ದೊರೆಯುತ್ತದೆ. ಅದಕ್ಕೆ ರೋಗನಿದಾನದ ದಾಖಲೆ ಬೇಕು. ಹೈದರಾಬಾದಿನಲ್ಲಿ ಎಂ.ಎನ್.ಜೆ. ಕ್ಯಾನ್ಸರ್ ಸಂಸ್ಥೆ, ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಸಾರ್ವಜನಿಕ ವಲಯದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳಾಗಿವೆ. ಅಲ್ಲಿಗೆ ಹೋಗುವ ರೋಗಿಯು ವರದಿಯ ಕಾಗದವನ್ನು ಮಾತ್ರವಲ್ಲದೆ, ಮೊದಲ ಆಸ್ಪತ್ರೆಯಿಂದ ಗಾಜಿನ ಸ್ಲೈಡುಗಳನ್ನೂ ಮೇಣದ ತುಣುಕುಗಳನ್ನೂ ಕೇಳಿ ಪಡೆದು ಒಯ್ಯಬೇಕು. ಮೇಣದಲ್ಲಿ ಕೂರಿಸಿದ ಅಂಗಾಂಶವು ಹಲವು ವರ್ಷ ಕೆಡದೆ ಉಳಿಯುತ್ತದೆ. ಎರಡನೆಯ ತಜ್ಞರು ಅದರಿಂದ ಹೊಸದಾಗಿ ಸೀಳಿ, ಬೇಕಾದ ಪರೀಕ್ಷೆಗಳನ್ನು ಮಾಡಿ, ತಮ್ಮ ಅಭಿಪ್ರಾಯ ಕೊಡಬಲ್ಲರು. ತುಣುಕುಗಳನ್ನು ಒಯ್ಯುವಾಗ ಬಿಸಿಲಿಗೆ ಇಡಬಾರದು, ಮೇಣ ಕರಗುತ್ತದೆ. ಮೇಲೆ ಬರೆದಿರುವ ಸಂಖ್ಯೆ ವರದಿಯ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂಬುದನ್ನು ಪಡೆಯುವಾಗಲೇ ನೋಡಿಕೊಳ್ಳಬೇಕು.